ಸವಳು ಮತ್ತು ಬರ: ಬೆಳೆಯ ಬಾಯಾರಿಕೆ, ಬೆಳೆಯ ಹಸಿವು

ಮಣ್ಣಿನಲ್ಲಿ ನೀರು ಸಾಲದೆ ಹೋದಾಗ ಬೆಳೆಗೆ ಬರ ತಟ್ಟುತ್ತದೆ. ನೀರಿದ್ದೂ ಅದರಲ್ಲಿ ಕರಗಿದ ಉಪ್ಪು ಹೆಚ್ಚಿದಾಗ ಸವಳು ತಟ್ಟುತ್ತದೆ. ಬದುವಿನ ಮೇಲೆ ನಿಂತು ನೋಡುವವರಿಗೆ ಇವೆರಡೂ ಬೇರೆ ಬೇರೆ ಲೋಕ. ಒಂದು ಕಡೆ ಬಿರುಕು ಬಿಟ್ಟ ಎರೆ ಹೊಲ, ಇನ್ನೊಂದು ಕಡೆ ಕಾಲಿಟ್ಟರೆ ಹುಗಿಯುವ, ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ ಗದ್ದೆ. ಬೇರಿಗೆ ಮಾತ್ರ ಮೊದಲ ದಿನಗಳಲ್ಲಿ ಈ ವ್ಯತ್ಯಾಸ ತಿಳಿಯುವುದಿಲ್ಲ; ಎರಡು ಕಡೆಯೂ ಮಣ್ಣು ನೀರನ್ನು ಬಿಟ್ಟುಕೊಡಲು ಒಲ್ಲದು. ಜರ್ಮನ್ ಸಸ್ಯವಿಜ್ಞಾನಿ ಷಿಂಪರ್ 1898ರಲ್ಲೇ ಉಪ್ಪುನೆಲದ ಈ ಸ್ಥಿತಿಯನ್ನು ಸಸ್ಯದ ದೇಹಕ್ಕೆ ತಟ್ಟುವ ಬರವೆಂದು ವರ್ಣಿಸಿದ. ದಿನ ಕಳೆದಂತೆ ಎರಡರ ದಾರಿ ಕವಲೊಡೆಯುತ್ತದೆ. ಬರದಲ್ಲಿ ಆಹಾರವನ್ನು ಹೊತ್ತು ತರುವ ನೀರೇ ಇಲ್ಲದೆ ಬೆಳೆ ಹಸಿಯುತ್ತದೆ. ಸವಳಿನಲ್ಲಿ ಆಹಾರದ ಜಾಗವನ್ನು ಸೋಡಿಯಂ ಮತ್ತು ಕ್ಲೋರೈಡ್ ಕಬಳಿಸಿ ಹಸಿಯುತ್ತದೆ. ಎಲೆ ಹಳದಿಯಾದುದನ್ನು ಕಂಡು ಎರಡಕ್ಕೂ ಇನ್ನೊಂದು ಚೀಲ ಗೊಬ್ಬರ ಎರಚುವ ರೂಢಿ ನಮ್ಮಲ್ಲಿ ಬಹಳ ಕಡೆ ಇದೆ. ಗೊಬ್ಬರವೂ ಒಂದು ಉಪ್ಪು ಎಂಬುದನ್ನು ನೆನೆದರೆ, ಈ ಉಪಚಾರ ಕಾಯಿಲೆಯನ್ನೇ ಹೆಚ್ಚಿಸುವುದೇಕೆಂದು ತಿಳಿಯುತ್ತದೆ.

ನೀರಿನ ಬಿಗಿ

ಮಣ್ಣಿನಲ್ಲಿ ಎಷ್ಟು ನೀರಿದೆ ಎಂಬುದಕ್ಕಿಂತ ಮಣ್ಣು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದು ಬೇರಿಗೆ ಮುಖ್ಯ. ಈ ಬಿಗಿಯನ್ನು ಒತ್ತಡದ ಮಾನದಲ್ಲಿ ಅಳೆಯುತ್ತಾರೆ. ಒಳ್ಳೆಯ ಮಳೆಯಾಗಿ, ಹೆಚ್ಚಿನ ನೀರು ಬಸಿದುಹೋಗಿ, ಬಿತ್ತನೆಗೆ ಹದವಾದ ಮಣ್ಣಿನಲ್ಲಿ ಅದು ಸುಮಾರು 0.03 ಮೆಗಾಪಾಸ್ಕಲ್. ಮಣ್ಣು ಒಣಗುತ್ತ ಹೋದಂತೆ ಬಿಗಿ ಏರುತ್ತದೆ. ಅದು 1.5 ಮೆಗಾಪಾಸ್ಕಲ್ ಮುಟ್ಟಿದಾಗ ಹೆಚ್ಚಿನ ಬೆಳೆಗಳು ಬಾಡಿ, ರಾತ್ರಿ ಕಳೆದರೂ ತಲೆಯೆತ್ತದ ಸ್ಥಿತಿಗೆ ಬರುತ್ತವೆ. ಆ ಹೊತ್ತಿಗೂ ಎರೆ ಮಣ್ಣಿನಲ್ಲಿ ಸಾಕಷ್ಟು ನೀರು ಉಳಿದಿರುತ್ತದೆ, ಮುಟ್ಟಿದರೆ ಕೈಗೆ ತಂಪು ಹತ್ತುತ್ತದೆ. ಅದು ಜೇಡಿಯ ಸಣ್ಣ ಕಣಗಳಿಗೆ ಅಂಟಿಕೊಂಡ ನೀರು, ಬೇರಿನ ಪಾಲಿಗೆ ಬರುವಂಥದಲ್ಲ.

ಉಪ್ಪು ಈ ಬಿಗಿಗೆ ತನ್ನದೊಂದು ಬಿಗಿಯನ್ನು ಸೇರಿಸುತ್ತದೆ. ಉಪ್ಪು ಬೆರೆಸಿಟ್ಟ ಮಾವಿನ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುವುದು ಯಾವ ನಿಯಮದಿಂದಲೋ ಅದೇ ನಿಯಮ ಇಲ್ಲಿಯೂ ನಡೆಯುತ್ತದೆ. ಹೊರಗಿನ ದ್ರಾವಣ ಗಾಢವಾದಷ್ಟೂ ಕೋಶದೊಳಕ್ಕೆ ನೀರು ಬರುವುದು ಕಷ್ಟ. ಮಣ್ಣಿನ ಉಪ್ಪನ್ನು ಅಳೆಯಲು ಮಣ್ಣನ್ನು ನೀರಿನಲ್ಲಿ ಕಲಸಿ, ಬಸಿದು, ಆ ದ್ರಾವಣದ ವಿದ್ಯುತ್ ವಾಹಕತೆಯನ್ನು ನೋಡುತ್ತಾರೆ. ಅಮೆರಿಕದ ರಿವರ್‌ಸೈಡ್‌ನಲ್ಲಿರುವ ಲವಣ ಪ್ರಯೋಗಾಲಯ 1954ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಈ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಸವಳು ಮಣ್ಣು. ಸಮುದ್ರದ ನೀರಿನದು ಸುಮಾರು 50. ವಾಹಕತೆ 10 ಇರುವ ದ್ರಾವಣ ಬೇರಿನ ಮೇಲೆ ಸುಮಾರು 0.36 ಮೆಗಾಪಾಸ್ಕಲ್ ಹೆಚ್ಚುವರಿ ಬಿಗಿ ಹೇರುತ್ತದೆ. ಅಂಕಿ ಸಣ್ಣದೆನಿಸಬಹುದು. ಆದರೆ ಬಿಸಿಲಿಗೆ ಮಣ್ಣಿನ ನೀರು ಅರ್ಧಕ್ಕಿಳಿದರೆ ಉಪ್ಪು ಅಷ್ಟೇ ಉಳಿದು ಬಿಗಿ ಇಮ್ಮಡಿಯಾಗುತ್ತದೆ. ಸವಳು ನೆಲದಲ್ಲಿ ಎರಡು ನೀರಿನ ನಡುವಿನ ಅಂತರ ನಾಲ್ಕು ದಿನ ಹೆಚ್ಚಾದರೆ ಬೆಳೆ ಸೊರಗುವುದು ಈ ಲೆಕ್ಕದಿಂದ.

ಬೆಳವಣಿಗೆ ಮೊದಲು ನಿಲ್ಲುವುದು ಎಳೆಯ ಎಲೆಯಲ್ಲಿ. ಸಸ್ಯದ ಕೋಶ ಬೆಳೆಯುವುದೆಂದರೆ ಒಳಗಿನ ನೀರಿನ ಒತ್ತಡದಿಂದ ಅದರ ಗೋಡೆ ಹಿಗ್ಗುವುದು. ಒತ್ತಡ ತುಸು ತಗ್ಗಿದರೂ ಹಿಗ್ಗುವಿಕೆ ನಿಲ್ಲುತ್ತದೆ. ದ್ಯುತಿಸಂಶ್ಲೇಷಣೆ ಕುಗ್ಗುವುದು ಇದರ ಎಷ್ಟೋ ಹೊತ್ತಿನ ಮೇಲೆ. ಹೀಗಾಗಿ ಬಾಡದೆ ಹಸಿರಾಗಿಯೇ ನಿಂತ ಪೈರು ಕೂಡ ಒಳಗೊಳಗೇ ಬರವನ್ನು ಉಣ್ಣುತ್ತಿರಬಹುದು. ಮುಂದಿನ ಹೆಜ್ಜೆ ಪತ್ರರಂಧ್ರಗಳನ್ನು ಮುಚ್ಚುವುದು. ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಿದ ಕೆಲವೇ ನಿಮಿಷಗಳಲ್ಲಿ ರಂಧ್ರಗಳು ಕಿರಿದಾಗುತ್ತವೆ. ನೀರೇನೋ ಉಳಿಯುತ್ತದೆ, ಆದರೆ ಅದೇ ಬಾಗಿಲಿನಿಂದ ಬರಬೇಕಾದ ಇಂಗಾಲದ ಡೈಆಕ್ಸೈಡೂ ಹೊರಗುಳಿಯುತ್ತದೆ. ಬಿಸಿಲು ಮಾತ್ರ ಎಲೆಯ ಮೇಲೆ ಸುರಿಯುತ್ತಲೇ ಇರುತ್ತದೆ. ಖರ್ಚಾಗದ ಆ ಶಕ್ತಿ ಆಮ್ಲಜನಕಕ್ಕೆ ಹರಿದು ಹೈಡ್ರೊಜನ್ ಪೆರಾಕ್ಸೈಡಿನಂಥ ಸುಡುವ ವಸ್ತುಗಳನ್ನು ಹುಟ್ಟಿಸುತ್ತದೆ. ಜೋಳ ಎಲೆಯನ್ನು ಸುರುಳಿ ಸುತ್ತುವುದು, ಮೈಗೆ ಬಿಳಿ ಮೇಣ ಬಳಿದುಕೊಳ್ಳುವುದು ಈ ಬಿಸಿಲನ್ನು ತಪ್ಪಿಸಿಕೊಳ್ಳಲಿಕ್ಕೆ.

ಮೇಲೆ ಎಲೆ ನಿಂತರೂ ಕೆಳಗೆ ಬೇರು ಇಳಿಯುತ್ತಿರುತ್ತದೆ. ಬೇರಿನ ತುದಿಯ ಕೋಶಗಳು ಸಕ್ಕರೆ, ಪ್ರೋಲೀನ್, ಪೊಟ್ಯಾಸಿಯಂಗಳನ್ನು ಒಟ್ಟುಗೂಡಿಸಿ ತಮ್ಮ ರಸವನ್ನು ಗಾಢವಾಗಿಸಿಕೊಂಡು, ಒಣಗುತ್ತಿರುವ ಮಣ್ಣಿನಿಂದಲೂ ನೀರನ್ನು ಎಳೆಯುತ್ತವೆ. ಹೀಗೆ ಎಳೆಯುವ ಶಕ್ತಿ ತಳಿಯಿಂದ ತಳಿಗೆ ಬೇರೆ.

ಬರದಲ್ಲಿ ಹಸಿವು

ಕರ್ನಾಟಕಕ್ಕೆ ಬರ ಹೊಸತಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಇಂಥ ವರ್ಷಗಳಲ್ಲಿ ಎಲ್ಲರ ಕಣ್ಣು ನೀರಿನ ಮೇಲೆ ಇರುತ್ತದೆ. ಪೋಷಕಾಂಶದ ಬರ ಅದರ ಜೊತೆಗೇ ಸದ್ದಿಲ್ಲದೆ ನಡೆದಿರುತ್ತದೆ.

ಪೋಷಕಾಂಶ ಬೇರನ್ನು ತಲುಪಲು ಮುಖ್ಯವಾಗಿ ಎರಡು ದಾರಿ. ನೈಟ್ರೇಟ್, ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಹೆಚ್ಚಾಗಿ ಬೇರಿನತ್ತ ಹರಿದು ಬರುವ ನೀರಿನ ಜೊತೆ ಸವಾರಿ ಮಾಡಿ ಬರುತ್ತವೆ. ಎಲೆ ಆವಿ ಬಿಡುವುದನ್ನು ನಿಲ್ಲಿಸಿದರೆ ಈ ಹರಿವೂ ನಿಲ್ಲುತ್ತದೆ. ರಂಜಕ ಮತ್ತು ಪೊಟ್ಯಾಸಿಯಂ ಇರುವುದು ಮಣ್ಣಿನ ದ್ರಾವಣದಲ್ಲಿ ಬಹಳ ತೆಳುವಾಗಿ. ಅವು ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಕಣಗಳ ಸುತ್ತಲಿನ ನೀರಿನ ಪೊರೆಯಲ್ಲಿ ನಿಧಾನಕ್ಕೆ ಸರಿದು ಬರಬೇಕು. ಮಣ್ಣು ಒಣಗಿದಾಗ ಪೊರೆ ತೆಳುವಾಗಿ, ಅಲ್ಲಲ್ಲಿ ಹರಿದು, ದಾರಿ ಸುತ್ತುಬಳಸಾಗುತ್ತದೆ. ಹಸಿಯಿರುವ ಮಣ್ಣಿನಲ್ಲೇ ಬೇರಿನಿಂದ ಒಂದೆರಡು ಮಿಲಿಮೀಟರ್ ಆಚೆಗಿನ ರಂಜಕ ದಕ್ಕುವುದು ಕಷ್ಟ. ಒಣಮಣ್ಣಿನಲ್ಲಿ ಅದು ಇದ್ದೂ ಇಲ್ಲದಂತೆ. ಬೇರಿಗೆ ಹತ್ತಿಕೊಂಡು ಬಾಳುವ ಮೈಕೊರೈಜ ಶಿಲೀಂಧ್ರದ ನೂಲುಗಳು ಈ ಅಂತರವನ್ನು ಸೆಂಟಿಮೀಟರುಗಳಷ್ಟು ದೂರ ದಾಟಬಲ್ಲವು. ಮಳೆಯಾಶ್ರಿತ ಬೇಸಾಯದಲ್ಲಿ ಈ ಶಿಲೀಂಧ್ರಕ್ಕೆ ನಾವು ಕೊಟ್ಟಿರುವ ಬೆಲೆ ತೀರ ಕಡಿಮೆ.

ವಿಜಯಪುರ ಸೀಮೆಯ ಹಿಂಗಾರಿ ಜೋಳ ಈ ಸಂಕಟಕ್ಕೆ ಒಳ್ಳೆಯ ಉದಾಹರಣೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಈ ಜೋಳ ಎರೆ ಮಣ್ಣಿನ ಆಳದಲ್ಲಿ ಕೂಡಿಟ್ಟ ಹಸಿಯ ಮೇಲೆಯೇ ತೆನೆಗಟ್ಟಬೇಕು. ಆಮೇಲೆ ಬರುವ ಮಳೆ ಲೆಕ್ಕಕ್ಕೆ ಸಿಗುವಂಥದಲ್ಲ. ಮಣ್ಣಿನ ಸಾವಯವ ಅಂಶ, ಗೊಬ್ಬರ, ರಂಜಕ, ಸತು ಎಲ್ಲ ಇರುವುದು ಮೇಲಿನ ಗೇಣು ಮಣ್ಣಿನಲ್ಲಿ. ಮೊದಲು ಒಣಗುವುದೂ ಅದೇ. ನವೆಂಬರ್ ದಾಟಿತೆಂದರೆ ಬೆಳೆಗೆ ನೀರು ಕೆಳಗೆ, ಉಣಿಸು ಮೇಲೆ. ಅದಕ್ಕೇ ಗೊಬ್ಬರವನ್ನು ಮೇಲೆ ಎರಚದೆ ಕೂರಿಗೆಯಿಂದ ಬೀಜಕ್ಕಿಂತ ಆಳದ ಹಸಿ ಮಣ್ಣಿಗೆ ಇಳಿಸಬೇಕು. ಎಡೆಕುಂಟೆ ಹೊಡೆದು ಬಿರುಕು ಮುಚ್ಚಬೇಕು. ಈ ಸೀಮೆಯಲ್ಲಿ ಇವತ್ತಿಗೂ ಪ್ರೀತಿಯ ತಳಿಯಾಗಿ ಉಳಿದಿರುವ ಮಾಲದಂಡಿ, ಎಂದರೆ ಎಂ 35-1, 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದದ್ದು. ವಿಜಯಪುರ, ಸೊಲ್ಲಾಪುರ, ರಾಯಚೂರು, ಹಗರಿಗಳಲ್ಲಿ ಒಣಬೇಸಾಯದ ಸಂಶೋಧನೆ ಮೊದಲಾದದ್ದೂ ಅದೇ ದಶಕದಲ್ಲಿ. ಅಡ್ಡಡ್ಡ ಒಡ್ಡು ಹಾಕಿ ಚೌಕ ಮಡಿಗಳಲ್ಲಿ ಮಳೆಯನ್ನು ಬಿದ್ದಲ್ಲೇ ಇಂಗಿಸುವ ಪದ್ಧತಿಯ ಫಲ ನೀರಿನಲ್ಲಷ್ಟೇ ಅಲ್ಲ, ಬೆಳೆ ಹೀರಿದ ಸಾರಜನಕದಲ್ಲೂ ಕಾಣುತ್ತದೆ.

ಸಾರಜನಕದ ಕತೆ ಇನ್ನೂ ತೊಡಕಿನದು. ಮಣ್ಣಿನ ಸಾವಯವ ವಸ್ತುವನ್ನು ಕರಗಿಸಿ ನೈಟ್ರೇಟ್ ಒದಗಿಸುವ ಸೂಕ್ಷ್ಮಜೀವಿಗಳು ಒಣಮಣ್ಣಿನಲ್ಲಿ ಮಲಗಿಬಿಡುತ್ತವೆ. ಪೂರ್ವ ಆಫ್ರಿಕದ ಮಣ್ಣುಗಳ ಮೇಲೆ ಕೆಲಸ ಮಾಡಿದ ಬರ್ಚ್ 1950ರ ದಶಕದ ಕೊನೆಯಲ್ಲಿ ತೋರಿಸಿದಂತೆ, ಬೇಸಗೆಯ ನಂತರದ ಮೊದಲ ಮಳೆಗೆ ಅವು ಒಮ್ಮೆಲೆ ಎಚ್ಚೆತ್ತು ಸಾರಜನಕವನ್ನು ಧಾರಾಳವಾಗಿ ಬಿಡುಗಡೆ ಮಾಡುತ್ತವೆ. ಮೊದಲ ಮಳೆಗೇ ಬಿತ್ತಿದ ಪೈರು ಕಪ್ಪು ಹಸಿರಾಗಿ ಏಳುವುದರ ಹಿಂದೆ ಈ ಕೆಲಸವೂ ಇದೆ. ದ್ವಿದಳ ಬೆಳೆಗಳ ಬೇರುಗಂಟುಗಳು ಮತ್ತೂ ನಾಜೂಕು: ಸೋಯಾಬೀನಿನಲ್ಲಿ ಎಲೆ ಬಾಡುವ ಎಷ್ಟೋ ಮುಂಚೆಯೇ ಸಾರಜನಕ ಸ್ಥಿರೀಕರಣ ಕುಸಿಯುತ್ತದೆ. ಇನ್ನು ಹೆಚ್ಚು ಸಾರಜನಕ ಕೊಟ್ಟರೆ ಬರ ನೀಗುತ್ತದೆಯೆ? ಆಸ್ಟ್ರೇಲಿಯದ ಗೋಧಿ ಹೊಲಗಳ ಅನುಭವ ಇದಕ್ಕೆ ವಿರುದ್ಧ. ಗೊಬ್ಬರದ ಹುಮ್ಮಸ್ಸಿನಲ್ಲಿ ಮೊದಲೇ ಸೊಂಪಾಗಿ ಬೆಳೆದ ಬೆಳೆ ಕೂಡಿಟ್ಟ ನೀರನ್ನೆಲ್ಲ ಕುಡಿದು ಮುಗಿಸಿ, ಕಾಳು ತುಂಬುವ ಹೊತ್ತಿಗೆ ಒಣಹುಲ್ಲಾಗಿ ನಿಲ್ಲುತ್ತದೆ.

ಕ್ಯಾಲ್ಸಿಯಂ ಮತ್ತು ಬೋರಾನ್ ಸಸ್ಯದೊಳಗೆ ಒಮ್ಮೆ ತಲುಪಿದ ಜಾಗ ಬಿಟ್ಟು ಸುಲಭಕ್ಕೆ ಕದಲುವುದಿಲ್ಲ, ನೀರು ಹರಿದತ್ತಲೇ ಅವುಗಳ ಪಯಣ. ಬರದಲ್ಲಿ ಟೊಮೇಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು ಕ್ಯಾಲ್ಸಿಯಂ ಅಲ್ಲಿಯವರೆಗೆ ಹೋಗಲಾರದ್ದರಿಂದ. ನೆಲಗಡಲೆಯದು ವಿಚಿತ್ರ ಸ್ಥಿತಿ. ಅದರ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಬೇರಿನಿಂದ ಪಡೆಯದೆ ಸುತ್ತಲಿನ ಮಣ್ಣಿನಿಂದ ತಾನೇ ಹೀರುತ್ತದೆ. ಚಳ್ಳಕೆರೆ, ಪಾವಗಡದ ಕಡೆ ಕಾಯಿ ಕಟ್ಟುವ ಹೊತ್ತಿಗೆ ಮೇಲ್ಮಣ್ಣು ಒಣಗಿದರೆ, ಆಳದ ಹಸಿಯಿಂದ ಬಳ್ಳಿ ಹಸಿರಾಗಿದ್ದರೂ ಕಿತ್ತಾಗ ಪೊಳ್ಳು ಕಾಯಿಗಳೇ ಹೆಚ್ಚು.

ಸವಳಿನ ಎರಡು ಪೆಟ್ಟು

ಸವಳು ಬೆಳೆಯನ್ನು ಎರಡು ಹಂತದಲ್ಲಿ ಹೊಡೆಯುತ್ತದೆ ಎಂಬುದನ್ನು ಸ್ಪಷ್ಟವಾಗಿ ವಿಂಗಡಿಸಿ ಹೇಳಿದವರು ಆಸ್ಟ್ರೇಲಿಯದ ರಾಣಾ ಮನ್ಸ್. 1993ರಲ್ಲಿ ಅವರು ಮಂಡಿಸಿದ ಈ ವಿವರಣೆ ಇಂದಿಗೂ ಈ ಕ್ಷೇತ್ರದ ಬುನಾದಿ. ಮೊದಲ ಪೆಟ್ಟು ನೀರಿನ ಬಿಗಿಯದು. ಉಪ್ಪು ತಾಗಿದ ಕ್ಷಣದಿಂದಲೇ ಹೊಸ ಎಲೆಗಳ ಬೆಳವಣಿಗೆ ಕುಂಠಿತವಾಗುತ್ತದೆ, ಉಪ್ಪು ತಾಳುವ ತಳಿಗೂ ತಾಳದ ತಳಿಗೂ ಇಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಎರಡನೆಯದು ದಿನ, ವಾರಗಳ ಮೇಲೆ ಬರುವ ವಿಷ. ಬೇರು ಹೀರಿದ ನೀರಿನಲ್ಲಿ ಸುಮಾರು ಐವತ್ತರಲ್ಲಿ ಒಂದು ಪಾಲು ಮಾತ್ರ ಸಸ್ಯದಲ್ಲಿ ಉಳಿಯುತ್ತದೆ, ಮಿಕ್ಕದ್ದು ಎಲೆಯಿಂದ ಆವಿಯಾಗುತ್ತದೆ. ನೀರಿನೊಂದಿಗೆ ಬಂದ ಉಪ್ಪು ಆವಿಯಾಗುವುದಿಲ್ಲ. ಎಲೆಯ ಉಪ್ಪು ಮಣ್ಣಿನದಕ್ಕಿಂತ ಗಾಢವಾಗದಿರಬೇಕಾದರೆ ಬೇರು ನೂರಕ್ಕೆ 98 ಪಾಲನ್ನು ಬಾಗಿಲಲ್ಲೇ ತಡೆಯಬೇಕು. ತಡೆ ಸಡಿಲವಾದ ಬೆಳೆಯಲ್ಲಿ ಹಳೆಯ ಎಲೆಗಳ ತುದಿ, ಅಂಚು ಸುಟ್ಟಂತಾಗಿ ಉದುರುತ್ತವೆ. ಹೊಸ ಎಲೆ ಹುಟ್ಟುವ ವೇಗಕ್ಕಿಂತ ಹಳೆಯವು ಸಾಯುವ ವೇಗ ಹೆಚ್ಚಾದ ದಿನದಿಂದ ಇಳುವರಿಯ ಆಸೆ ಕಡಿಮೆ.

ಸೋಡಿಯಂ ವಿಷವಾಗುವುದು ಬಹುಪಾಲು ಪೊಟ್ಯಾಸಿಯಮ್ಮಿನ ವೇಷದಲ್ಲಿ. ಎರಡೂ ಒಂದೇ ವಿದ್ಯುದಾವೇಶದ, ಹೋಲಿಕೆಯುಳ್ಳ ಅಯಾನುಗಳು. ಬೇರಿನ ಪೊರೆಯಲ್ಲಿ ಪೊಟ್ಯಾಸಿಯಮ್ಮಿಗಾಗಿ ಇರುವ ಕಿಂಡಿಗಳಲ್ಲಿ ಸೋಡಿಯಂ ನುಸುಳುತ್ತದೆ. ಒಳಗೆ ಬಂದ ಮೇಲೆ, ಪೊಟ್ಯಾಸಿಯಂ ಕೂರಬೇಕಾದ ಕಿಣ್ವಗಳ ಪೀಠದಲ್ಲಿ ಕೂತು ಕೆಲಸ ಕೆಡಿಸುತ್ತದೆ. ಪೊಟ್ಯಾಸಿಯಂ ಬೇಡುವ ಕಿಣ್ವಗಳು ಐವತ್ತಕ್ಕೂ ಹೆಚ್ಚು. ಕ್ಯಾಲ್ಸಿಯಂ ಇಲ್ಲಿ ಕಾವಲುಗಾರ. ಲಹೇ ಮತ್ತು ಎಪ್ಸ್ಟೀನ್ 1969ರಲ್ಲಿ ಹುರುಳಿಕಾಯಿ ಗಿಡಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಉಪ್ಪುನೀರಿಗೆ ಸಾಕಷ್ಟು ಕ್ಯಾಲ್ಸಿಯಂ ಸೇರಿಸಿದಾಗ ಎಲೆಗೆ ಹೋಗುವ ಸೋಡಿಯಂ ಬಹಳ ಮಟ್ಟಿಗೆ ತಡೆಯಲ್ಪಟ್ಟಿತು. ಹಾಗೆಯೇ ಕ್ಲೋರೈಡ್ ನೈಟ್ರೇಟಿನ ಜೊತೆ ಪೈಪೋಟಿಗಿಳಿಯುತ್ತದೆ. ಇಂಥ ನೆಲದಲ್ಲಿ ಪೊಟ್ಯಾಶ್ ಕೊಡಲೇಬೇಕಾದರೆ, ಕ್ಲೋರೈಡ್ ಹೊತ್ತು ತರುವ ಮ್ಯುರಿಯೇಟಿಗಿಂತ ಸಲ್ಫೇಟ್ ರೂಪ ಒಳ್ಳೆಯದು. ಬೆಲೆಯ ಕಾರಣಕ್ಕೆ ಈ ಮಾತನ್ನು ಪಾಲಿಸುವುದು ಸಣ್ಣ ರೈತರಿಗೆ ಸುಲಭವಲ್ಲ.

ಉಪ್ಪಿನಲ್ಲಿಯೇ ಬೆಳೆಯುವ ಕಾಂಡ್ಲ ಗಿಡಗಳ ಕಿಣ್ವಗಳು ಉಪ್ಪಿಗೆ ಬಗ್ಗದಂಥವೆಂದು ಯಾರಾದರೂ ಊಹಿಸಬಹುದು. ಉಪ್ಪುನೆಲದ ಸಸ್ಯಗಳ ಕಿಣ್ವಗಳನ್ನು 1970ರ ದಶಕದ ಆರಂಭದಲ್ಲಿ ಹೊರತೆಗೆದು ಪರೀಕ್ಷಿಸಿದ ಇಂಗ್ಲೆಂಡಿನ ಟಿಮೊತಿ ಫ್ಲವರ್ಸ್‌ಗೆ ಕಂಡದ್ದು ಬೇರೆಯೇ: ಅವೂ ಬಟಾಣಿಯ ಕಿಣ್ವಗಳಷ್ಟೇ ಉಪ್ಪಿಗೆ ಸೋಲುತ್ತವೆ. ಆ ಸಸ್ಯಗಳ ಜಾಣತನವಿರುವುದು ಉಪ್ಪನ್ನು ಇಡುವ ಜಾಗದಲ್ಲಿ. ಸೋಡಿಯಮ್ಮನ್ನು ಅವು ಕೋಶದ ನಡುವಿನ ರಸದಾನಿಗೆ ತುಂಬಿ ಕೀಲಿ ಹಾಕುತ್ತವೆ. ಕೆಲವು ಕಾಂಡ್ಲಗಳು ಬೇರಿನಲ್ಲೇ ಉಪ್ಪಿನ ಬಹುಪಾಲನ್ನು ಸೋಸಿಬಿಡುತ್ತವೆ, ಅವಿಸೆನ್ನಿಯ ಜಾತಿಯವು ಎಲೆಯ ಗ್ರಂಥಿಗಳಿಂದ ಹೊರಚೆಲ್ಲುತ್ತವೆ. ಅವುಗಳ ಎಲೆ ನೆಕ್ಕಿದರೆ ಉಪ್ಪುಪ್ಪು.

ಬೆಳೆಗಳಲ್ಲೂ ಇಂಥ ಏರ್ಪಾಡುಗಳಿವೆ, ಸಣ್ಣ ಪ್ರಮಾಣದಲ್ಲಿ. ಎಲೆಯತ್ತ ಏರುವ ರಸದಿಂದ ಸೋಡಿಯಮ್ಮನ್ನು ದಾರಿಯಲ್ಲೇ ಹಿಂದಕ್ಕೆಳೆದುಕೊಳ್ಳುವ ಎಚ್‌ಕೆಟಿ ಎಂಬ ಪ್ರೋಟೀನುಗಳು ಇವುಗಳಲ್ಲಿ ಮುಖ್ಯ. ಬಂಗಾಳದ ನೋನಾ ಬೊಕ್ರಾ ಭತ್ತದ ಉಪ್ಪುತಾಳಿಕೆಯ ಹಿಂದೆ ಇಂಥ ಒಂದು ವಂಶವಾಹಿ ಇರುವುದು 2005ರಲ್ಲಿ ಗೊತ್ತಾಯಿತು. ಕೇರಳದ ಪೊಕ್ಕಾಳಿ ಭತ್ತದಿಂದ ಗುರುತಿಸಿದ, ಸಾಲ್ಟೋಲ್ ಎಂದು ಹೆಸರಾದ ತಾಣವೂ ಅದೇ ಒಂದನೆಯ ವರ್ಣತಂತುವಿನಲ್ಲಿದೆ. 2012ರಲ್ಲಿ ಮನ್ಸ್ ಮತ್ತು ಸಂಗಡಿಗರು ಗೋಧಿಯ ಹಳೆಯ ನೆಂಟನೊಂದರಿಂದ ಇಂಥ ವಂಶವಾಹಿಯನ್ನು ತಳಿಸಂಕರದ ಮೂಲಕ ಡ್ಯೂರಮ್ ಗೋಧಿಗೆ ತಂದು, ಸವಳು ಹೊಲದಲ್ಲಿ ಇಳುವರಿಯನ್ನು ನೂರಕ್ಕೆ 25ರಷ್ಟು ಹೆಚ್ಚಿಸಿ ತೋರಿಸಿದರು.

ಒಂದೇ ಕಾಲುವೆ, ಎರಡು ಸಂಕಟ

ಸವಳಿನ ಮೂಲ ಕಲ್ಲು ಬಂಡೆಗಳಲ್ಲಿ, ಹಳೆಯ ಸಮುದ್ರಗಳಲ್ಲಿ, ಗಾಳಿ ಹೊತ್ತ ಉಪ್ಪಿನಲ್ಲಿ ಇದೆ. ಆದರೆ ಹೊಲ ಕೆಡಿಸುವ ಸವಳು ಬಹುಪಾಲು ಮನುಷ್ಯನು ಕಾಲುವೆ ತೋಡಿದ ಮೇಲೆ ಬಂದದ್ದು. ಭಾರತದಲ್ಲಿ ಸವಳು ಮತ್ತು ಕ್ಷಾರ ಸೇರಿ ಸುಮಾರು 67 ಲಕ್ಷ ಹೆಕ್ಟೇರ್ ನೆಲ ಹಾಳಾಗಿದೆ. ನಮ್ಮ ರಾಜ್ಯದಲ್ಲಿ ಇದರ ದೊಡ್ಡ ಪಾಠಶಾಲೆ ತುಂಗಭದ್ರಾ ಅಚ್ಚುಕಟ್ಟು. 1953ರಲ್ಲಿ ನೀರು ಬಿಟ್ಟ ಈ ಯೋಜನೆಯನ್ನು ರೂಪಿಸಿದ್ದು ಬರದ ಸೀಮೆಗೆ ಆಸರೆಯಾಗಲೆಂದು. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳೇ ಅದರ ಲೆಕ್ಕದಲ್ಲಿ ಹೆಚ್ಚಿದ್ದವು. ಕಾಲುವೆಯ ತಲೆಯ ಭಾಗದ ಗಂಗಾವತಿ, ಕಾರಟಗಿಗಳಲ್ಲಿ ಭತ್ತ ಬಂತು. ಎರೆ ಮಣ್ಣು ನೀರನ್ನು ಬೇಗ ಬಸಿಯಗೊಡದು. ಅಂತರ್ಜಲ ಮೇಲೇರಿ ಬೇರಿನ ಮಟ್ಟಕ್ಕೆ ಬಂತು, ದೀಪದ ಬತ್ತಿ ಎಣ್ಣೆಯನ್ನು ಎಳೆದಂತೆ ಮಣ್ಣು ಆ ನೀರನ್ನು ಮೇಲಕ್ಕೆಳೆಯಿತು. ಬಿಸಿಲಿಗೆ ನೀರು ಹೋಗಿ ಉಪ್ಪು ಉಳಿಯಿತು. ಹೀಗೆ ಕೆಟ್ಟ ನೆಲಕ್ಕೆ ಸಾಮಾನ್ಯವಾಗಿ ಕೊಡುವ ಅಂಕಿ ಸುಮಾರು 96,000 ಹೆಕ್ಟೇರ್. ಅದೇ ಕಾಲುವೆಯ ಕೊನೆ ಭಾಗದ ಹಳ್ಳಿಗಳಿಗೆ ನೀರು ತಲುಪದೆ ಬೆಳೆ ಒಣಗುತ್ತದೆ. ಮೇಲಿನ ಗದ್ದೆಯ ಸವಳೂ ಕೆಳಗಿನ ಹೊಲದ ಬರವೂ ಒಂದೇ ನೀರಿನ ಹಂಚಿಕೆಯಿಂದ ಹುಟ್ಟಿದವು. ಇವನ್ನು ಎರಡು ಇಲಾಖೆಗಳ ಎರಡು ಸಮಸ್ಯೆಗಳೆಂದು ನೋಡುವವರೆಗೆ ಎರಡೂ ಬಗೆಹರಿಯುವುದಿಲ್ಲವೆಂಬುದು ಈ ಲೇಖಕನ ಗಟ್ಟಿ ಅಭಿಪ್ರಾಯ.

ಉತ್ತರ ಕರ್ನಾಟಕದ ಜನ 'ಸವಳು-ಜವಳು' ಎಂದು ಜೋಡಿಯಾಗಿಯೇ ಹೇಳುತ್ತಾರೆ; ಜವಳೆಂದರೆ ನೀರು ನಿಂತು ಕೆಟ್ಟ ನೆಲ. ವಿಜ್ಞಾನವೂ ಆ ಜೋಡಿಪದವನ್ನು ಎತ್ತಿ ಹಿಡಿಯುತ್ತದೆ. ಉಪ್ಪನ್ನು ಹೊರಗೆ ತಡೆಯಲು ಬೇರಿಗೆ ಶಕ್ತಿ ಬೇಕು, ಶಕ್ತಿಗೆ ಉಸಿರಾಟ ಬೇಕು. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲ. ಉಸಿರುಗಟ್ಟಿದ ಬೇರಿನ ತಡೆ ಕುಸಿದು, ಅಷ್ಟೇ ಉಪ್ಪಿನಲ್ಲಿ ಎಲೆಗೆ ಹೋಗುವ ಸೋಡಿಯಂ ಹಲವು ಪಟ್ಟಾಗುತ್ತದೆ.

ಬೆಳೆಗಳ ತಾಳಿಕೆಯ ಪಟ್ಟಿಯನ್ನು ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಕೊಟ್ಟರು. ಬಾರ್ಲಿಯ ಇಳುವರಿ ವಾಹಕತೆ 8 ದಾಟಿದ ಮೇಲಷ್ಟೇ ಇಳಿಯತೊಡಗುತ್ತದೆ. ಹತ್ತಿಗೆ ಈ ಮಿತಿ 7.7, ಗೋಧಿಗೆ 6, ಭತ್ತಕ್ಕೆ 3, ಮೆಕ್ಕೆಜೋಳಕ್ಕೂ ಕಬ್ಬಿಗೂ 1.7, ಈರುಳ್ಳಿಗೆ 1.2. ಅಷ್ಟು ನಾಜೂಕಿನ ಭತ್ತವನ್ನೇ ಸವಳು ಗದ್ದೆಗಳಲ್ಲಿ ಬೆಳೆಯುವುದು ವಿರೋಧಾಭಾಸವಲ್ಲ. ನಿಂತ ನೀರು ಉಪ್ಪನ್ನು ತೆಳುವಾಗಿಸಿ ಕೆಳಕ್ಕೆ ತಳ್ಳುತ್ತದೆ, ಭತ್ತ ಜವಳನ್ನೂ ತಾಳುತ್ತದೆ. ಅದೇ ನೀರು ಅಂತರ್ಜಲವನ್ನು ಇನ್ನಷ್ಟು ಏರಿಸುವುದರಿಂದ ರೈತ ಈ ಸುಳಿಯಿಂದ ಹೊರಬರಲಾಗದೆ ಸಿಲುಕುತ್ತಾನೆ.

ಕ್ಷಾರ ಮಣ್ಣು ಇದಕ್ಕಿಂತ ಕಠಿಣ. ಅಲ್ಲಿ ಕರಗಿದ ಉಪ್ಪು ಕಡಿಮೆಯಿರಬಹುದು, ಆದರೆ ಜೇಡಿಯ ಕಣಗಳ ಮೇಲೆ ಸೋಡಿಯಂ ಹಿಡಿದಿರುತ್ತದೆ. ಕಣಗಳು ಒಂದಕ್ಕೊಂದು ಕೂಡದೆ ಚೆದುರಿ ರಂಧ್ರಗಳನ್ನು ಮುಚ್ಚುತ್ತವೆ. ಮೇಲೆ ಹೊಪ್ಪಳಿಕೆ ಕಟ್ಟಿ ಮಳೆ ಒಳಗಿಳಿಯುವುದಿಲ್ಲ. ರಸಸಾರ 8.5ನ್ನು ಮೀರಿ ಸತು, ಕಬ್ಬಿಣಗಳು ಕರಗದ ರೂಪಕ್ಕೆ ತಿರುಗುತ್ತವೆ. ಭತ್ತದ ಎಲೆಯ ಮೇಲೆ ತುಕ್ಕಿನ ಬಣ್ಣದ ಮಚ್ಚೆ ಬೀಳುವ ಖೈರಾ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಪಂತನಗರದಲ್ಲಿ ವೈ. ಎಲ್. ನೆನೆ 1960ರ ದಶಕದಲ್ಲಿ ಕಂಡುಹಿಡಿದ ಮೇಲೆ ಸತುವಿನ ಸಲ್ಫೇಟ್ ದೇಶದ ಭತ್ತದ ಗದ್ದೆಗಳಿಗೆಲ್ಲ ಬಂತು. ಕ್ಷಾರಕ್ಕೆ ಜಿಪ್ಸಮ್ ಮದ್ದು: ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಕಣದಿಂದ ಕಿತ್ತು ನೀರಿಗೆ ಬಿಡುತ್ತದೆ. ಡೈಂಚ ಬೆಳೆದು ಹಸಿರಾಗಿ ಉಳುವುದೂ ನೆರವಾಗುತ್ತದೆ. ಬರಿಯ ಸವಳಿಗೆ ಜಿಪ್ಸಮ್ ಹಾಕಿದರೆ ದುಡ್ಡು ದಂಡ, ಅಲ್ಲಿ ಬೇಕಾದದ್ದು ತೊಳೆಯುವ ಸಿಹಿನೀರು ಮತ್ತು ತೊಳೆದ ನೀರು ಹೊರಹೋಗುವ ಬಸಿಗಾಲುವೆ. ಒಂದು ಅಡಿ ಮಣ್ಣಿನ ಉಪ್ಪಿನಲ್ಲಿ ನೂರಕ್ಕೆ ಸುಮಾರು 80 ಪಾಲು ತೊಳೆಯಲು ಒಂದು ಅಡಿ ನೀರು ಅದರ ಮೂಲಕ ಇಳಿಯಬೇಕೆಂಬುದು ಹಳೆಯ ಅಂದಾಜು. ಗಂಗಾವತಿಯ ಸಂಶೋಧನಾ ಕೇಂದ್ರ ನೆಲದಡಿ ರಂಧ್ರದ ಕೊಳವೆ ಹೂತು ನೀರು ಬಸಿಯುವ ವಿಧಾನದ ಮೇಲೆ ಕೆಲಸ ಮಾಡುತ್ತ ಬಂದಿದೆ. ಒಬ್ಬನ ಹೊಲದ ಬಸಿನೀರು ಇನ್ನೊಬ್ಬನ ಹೊಲ ದಾಟಿಯೇ ಹಳ್ಳ ಸೇರಬೇಕಾದ್ದರಿಂದ ಇದು ಒಬ್ಬಂಟಿ ರೈತನಿಂದಾಗುವ ಕೆಲಸವಲ್ಲ. ನೀರಿನ ಬಳಕೆಯನ್ನೇ ತಗ್ಗಿಸುವ ದಾರಿಯೂ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಶೈಲಜಾ ಹಿಟ್ಟಲಮನಿ ಅವರ ತಂಡ ರೂಪಿಸಿದ, 2007ರಲ್ಲಿ ಬಿಡುಗಡೆಯಾದ ಶಾರದಾ ಎಂಬ ಏರೋಬಿಕ್ ಭತ್ತ ಕೆಸರುಗದ್ದೆಯನ್ನು ಬೇಡದೆ ಹೊಲದಲ್ಲಿ ಬೆಳೆಯುತ್ತದೆ.

ಗಜನಿಯ ಕಗ್ಗ

ಉತ್ತರ ಕನ್ನಡದ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ, ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಸುತ್ತಮುತ್ತ ಗಜನಿ ಎಂಬ ಹಿನ್ನೀರ ಗದ್ದೆಗಳಿವೆ. ಬೇಸಗೆಯಲ್ಲಿ ಅವುಗಳೊಳಗೆ ಉಬ್ಬರದ ಉಪ್ಪುನೀರು, ಸಿಗಡಿ, ಮೀನು. ಮಳೆ ಹಿಡಿದ ಮೇಲೆ ನದಿಯ ಸಿಹಿನೀರು ಏರಿ ಉಪ್ಪನ್ನು ತಳ್ಳುತ್ತದೆ. ಆಗ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಗೊಬ್ಬರ ಹಾಕುವುದಿಲ್ಲ, ನೆರೆ ತಂದ ಕೆಸರೇ ಅದರ ಆಹಾರ. ಎತ್ತರದ ದಂಟಿನ ಈ ಭತ್ತ ಕೆಲವು ದಿನ ನೀರಿನಡಿ ಮುಳುಗಿದರೂ ಬದುಕುತ್ತದೆ, ಒಡ್ಡಿನ ಸಂದಿನಿಂದ ನುಗ್ಗಿದ ಉಪ್ಪುನೀರನ್ನೂ ತಾಳುತ್ತದೆ. 1970ರ ದಶಕದಲ್ಲಿ ಮಣ್ಣಿನ ಒಡ್ಡುಗಳ ಜಾಗಕ್ಕೆ ಕಲ್ಲಿನ ಒಡ್ಡುಗಳು ಬಂದವು, ಸಿಗಡಿಯ ಲಾಭ ಭತ್ತವನ್ನು ಹಿಂದೆ ತಳ್ಳಿತು. ಈಗ ಕಗ್ಗ ಬಿತ್ತುವ ಗದ್ದೆಗಳು ಕೆಲವೇ.

ಕಗ್ಗಕ್ಕೂ ಮಿತಿಯಿದೆ. ಎಲ್ಲ ಭತ್ತಗಳಂತೆ ಅದೂ ಮೊಳಕೆಯಲ್ಲಿ ಗಟ್ಟಿ, ಎಳೆಯ ಸಸಿಯಾಗಿರುವಾಗ ಮತ್ತು ಹೂ ಬಿಡುವಾಗ ನಾಜೂಕು. ಅದರ ಪಂಚಾಂಗವಿಡೀ ಮುಂಗಾರಿನ ಮೇಲೆ ನಿಂತಿದೆ: ಸಸಿ ಎಳೆಯದಾಗಿರುವಾಗ ಘಟ್ಟದ ಮೇಲೆ ಮಳೆ ಸುರಿಯುತ್ತಿರಬೇಕು, ನದಿ ತುಂಬಿ ಹರಿಯುತ್ತಿರಬೇಕು. ಜುಲೈನಲ್ಲಿ ಮಳೆ ಕೈಕೊಟ್ಟರೆ ಗಜನಿಯಲ್ಲಿ ನೀರೇನೂ ಬತ್ತುವುದಿಲ್ಲ, ಉಬ್ಬರ ದಿನಕ್ಕೆರಡು ಸಲ ಅದನ್ನು ತುಂಬಿಸುತ್ತಲೇ ಇರುತ್ತದೆ. ಆ ನೀರಿನ ಉಪ್ಪು ಮಾತ್ರ ತೆಳುವಾಗದು. ಘಟ್ಟದ ಮೇಲಿನ ಬರ ಹಿನ್ನೀರಿನ ಗದ್ದೆಗೆ ಬಂದು ಸೇರುವುದು ಸವಳಿನ ರೂಪದಲ್ಲಿ.